ಡಾಕ್ಟರ ಕಾರಿನ ಎಡಗಡೆಯ ಹಿಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಕೊಪ್ಪದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಬಂಪರಿಗೆ ನಿಂಬೆಹಣ್ಣು ಕಟ್ಟಿಕೊಂಡು ಬಂದವರಿಗೆ, "ಅದರ ಬದಲು ಬ್ರೇಕ್ ಆಯಿಲ್ ಹಾಕ್ಸಿ ಮಾರಾಯ್ರೆ" ಎಂದು ಮುಖಕ್ಕೇ ಹೇಳಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಬೇಕು. ಹಳೆಯ ಗಾಡಿಗೆ ಒರಿಜಿನಲ್ ಪಾರ್ಟು ಸಿಗದಿದ್ದಾಗ ನಾವು ಲೇತ್‌ನಲ್ಲಿ ಲೋಹ ಕಡೆಸಿ ಡೂಪ್ಲಿಕೇಟ್ ಮಾಡಿಸುತ್ತೇವೆ. ಹಾಗೆ ಮಾಡಿಸಿದ ಪ್ರತಿಯೊಂದಕ್ಕೂ, ಹೊರಗೆ ಕಾಣದ ಕಡೆ, ನಾನು ಪಂಚಿನಿಂದ, ಅಂದರೆ ಗುರುತು ಹಾಕುವ ಮೊನಚು ಉಳಿಯಿಂದ, ಒಂದು ಚುಕ್ಕೆ ಹೊಡೆಯುತ್ತೇನೆ. ಮುಂದೆ ಯಾರೂ ಅದನ್ನು ಒರಿಜಿನಲ್ ಎಂದು ದಾಟಿಸಬಾರದು. ನನ್ನ ಪಂಚಿನ ಮೂತಿ ಒಂದು ಕಡೆ ಚಕ್ಕೆ ಹಾರಿದೆ, ಆದ್ದರಿಂದ ಚುಕ್ಕೆ ಗುಂಡಗೆ ಬೀಳುವುದಿಲ್ಲ. ಸಾವಿರ ಚುಕ್ಕೆಗಳ ಮಧ್ಯೆಯೂ ನನ್ನದನ್ನು ನಾನು ಗುರುತಿಸಬಲ್ಲೆ.

ಆರು ವರ್ಷದ ಹಿಂದೆ ನಮ್ಮೂರಿನ ಹಳೆಯ ಡಾಕ್ಟರು ಹೇಳಿ ಕಳಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು, ಕಣ್ಣು ಮಸುಕು, ಹೃದಯವೂ ಸೋತಿತ್ತು. ಅವರ ಹತ್ತಿರ ಎರಡೇ ಸೀಟಿನ, ತಲೆ ಮೇಲೆ ಮುಚ್ಚಳವಿಲ್ಲದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರೊಂದಿತ್ತು. ಯಾವುದೋ ಎಸ್ಟೇಟಿನ ಬಿಳಿ ದೊರೆ ಊರು ಬಿಡುವಾಗ ಕೊಟ್ಟು ಹೋದದ್ದು. ಡಾಕ್ಟರು ಸ್ಟೀರಿಂಗ್ ಹಿಡಿದರೆ ಪಕ್ಕದಲ್ಲಿ ಅವರ ಹೆಂಡತಿ ಕಮಲಮ್ಮ, ಅವರು ನರ್ಸು. ಇಬ್ಬರೂ ಅದರಲ್ಲೇ ಜಯಪುರ, ಭಂಡಿಗಡಿ ಕಡೆಗೆಲ್ಲ ಹೆರಿಗೆ ಮಾಡಿಸಲು ಹೋಗುತ್ತಿದ್ದರಂತೆ. ಪೇಷಂಟನ್ನು ಕೂರಿಸಿಕೊಂಡು ಬರಲು ಜಾಗವೇ ಇಲ್ಲದ ಗಾಡಿ! ಊರವರು ಅದನ್ನು ಹೇಳಿಕೊಂಡು ಈಗಲೂ ನಗುತ್ತಾರೆ.

ಕಮಲಮ್ಮ ತೀರಿಕೊಂಡ ಮೇಲೆ ಡಾಕ್ಟರು ಆ ಕಾರನ್ನು ಮುಟ್ಟಲಿಲ್ಲ. ಬಣ್ಣ ಹೊಡೆಸಲೆಂದು ಯಾರದೋ ಶೆಡ್ಡಿಗೆ ಬಿಟ್ಟದ್ದು ಅಲ್ಲೇ ಉಳಿಯಿತು. ವಾಪಸ್ ತರುವಷ್ಟರಲ್ಲಿ ಬಿಚ್ಚಲು ಬರುವುದೆಲ್ಲ ಮಾಯ. "ಮದುವೆಯಾದ ವಾರಕ್ಕೆ ಇದರಲ್ಲೇ ಅವಳನ್ನ ಶೃಂಗೇರಿಗೆ ಕರ್ಕೊಂಡು ಹೋಗಿದ್ದೆ. ಇನ್ನೊಂದು ಸಲ ಹೋಗ್ಬೇಕು ಮಾರಾಯ. ಆದ್ರೆ ಎಲ್ಲ ಒರಿಜಿನಲ್ಲೇ ಆಗ್ಬೇಕು" ಎಂದರು.

ಎಂಟು ತಿಂಗಳು ಹುಡುಕಿದೆ. ಚಕ್ರದ ಮುಚ್ಚಳವೊಂದು ಮುತ್ತಿನಕೊಪ್ಪದ ಒಂದು ಮನೆಯಲ್ಲಿ ಕೋಳಿಗೆ ನೀರಿಡುವ ತಟ್ಟೆಯಾಗಿತ್ತು. ಸ್ಪೀಡೋಮೀಟರು ಜಯಪುರದ ಅಂಗಡಿಯೊಂದರ ಗೋಡೆಯಲ್ಲಿ ಗಡಿಯಾರದ ಪಕ್ಕ ಕೂತಿತ್ತು. ಒಂದೊಂದು ಸಿಕ್ಕಾಗಲೂ ಡಾಕ್ಟರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ತಡವಿ, ಮೂಸಿ, ಚಿಕ್ಕ ಮಕ್ಕಳ ಹಾಗೆ ಖುಷಿಪಡುತ್ತಿದ್ದರು.

ಸಿಗದೇ ಹೋದದ್ದು ಒಂದೇ, ಎಡಗಡೆಯ ಸೀಟಿನ ಎದುರಿಗಿದ್ದ ಹಿಡಿ. ಪಕ್ಕದಲ್ಲಿ ಕೂತವರು ತಿರುವಿನಲ್ಲಿ ಆಧಾರಕ್ಕೆ ಹಿಡಿದುಕೊಳ್ಳುವ ಗೇಣುದ್ದದ ಹಿತ್ತಾಳೆಯ ಸರಳು, ಮೇಲೆ ಬೆಳ್ಳಗೆ ಕ್ರೋಮ್ ಪಾಲಿಶ್. ಡಾಕ್ಟರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಅದೇ. "ಅದರ ಕೆಳಗಡೆ, ಎಡತುದಿ ಹತ್ರ, ಬೆರಳಗಲ ಪಾಲಿಶ್ ಸವೆದು ಹಿತ್ತಾಳೆ ಕಾಣ್ತದೆ. ಸ್ವಲ್ಪ ತಗ್ಗೂ ಆಗಿದೆ. ಅವಳ ಉಂಗುರ ಉಜ್ಜಿ ಉಜ್ಜಿ ಆದದ್ದು. ಅದೇ ಗುರುತು" ಎಂದು ಹೇಳಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಹಾಸಿಗೆ ಹಿಡಿದರು. ಅವರ ಜೊತೆಗೇ ಇದ್ದ ಮಗಳು ಸುಧಾ ಟೀಚರ್ ಗ್ಯಾರೇಜಿಗೇ ಬಂದು, "ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದಾರೆ. ಹೊಸದು ಮಾಡಿಸಿ ಹಾಕಿ. ಅಪ್ಪನ ಹತ್ರ ಮಾತ್ರ ಸಿಕ್ತು ಅಂತ ಹೇಳಿ" ಎಂದು ಕಣ್ಣೀರು ಹಾಕಿದರು. ಕಡೆಗೆ ನಾನು ಒಪ್ಪಿಕೊಂಡೆ.

ನರಸಿಂಹರಾಜಪುರದ ಲೇತ್ ಕೆಲಸದ ರಶೀದ್ ಸಾಬರು ಹಳೆಯ ಫೋಟೋ ನೋಡಿ ಹಿತ್ತಾಳೆಯಲ್ಲೇ ಹಿಡಿಯನ್ನು ಮಾಡಿಕೊಟ್ಟರು. ಶಿವಮೊಗ್ಗದಲ್ಲಿ ಪಾಲಿಶ್ ಹಾಕಿಸಿದೆ. "ಆ ಸವೆದ ಜಾಗಾನೂ ಅರದಲ್ಲಿ ಉಜ್ಜಿ ಮಾಡ್ಬಿಡ್ಲಾ?" ಎಂದು ಸಾಬರು ಕೇಳಿದ್ದರು. ಬೇಡವೆಂದೆ. ಸತ್ತವರ ಬೆರಳಿನ ಗುರುತನ್ನು ಅರದಲ್ಲಿ ಮಾಡಿಸಲು ಮನಸ್ಸು ಬರಲಿಲ್ಲ. ಹಿಂಬದಿಗೆ ಚುಕ್ಕೆ ಹೊಡೆದು ಕೂರಿಸಿದೆ. ಹೊಳೆಯುವ ಹೊಸ ಸರಳು, ಒಂದು ಗೀರು ಕೂಡ ಇರಲಿಲ್ಲ. ಡಾಕ್ಟರ ಹಾಸಿಗೆಯ ಪಕ್ಕ ನಿಂತು "ಸಿಕ್ತು ಡಾಕ್ಟ್ರೇ" ಎಂದೆ. ಅಷ್ಟು ವರ್ಷದಲ್ಲಿ ಪಾರ್ಟಿನ ವಿಷಯಕ್ಕೆ ನಾನು ಹೇಳಿದ ಮೊದಲ ಸುಳ್ಳು.

ಮಾರನೇ ದಿನ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಡಾಕ್ಟರನ್ನು ಎತ್ತಿ ಎಡಗಡೆಯ ಸೀಟಿನಲ್ಲಿ ಕೂರಿಸಿ, ನಾನು ಗಾಡಿ ಬಿಟ್ಟೆ. ಹಿಂದೆ ಸುಧಾ ಟೀಚರ್ ಬಾಡಿಗೆ ಕಾರಿನಲ್ಲಿ ಬರುತ್ತಿದ್ದರು. ಭಂಡಿಗಡಿಯವರೆಗೆ ಡಾಕ್ಟರು ಹಿಡಿಯನ್ನು ಮುಟ್ಟಲಿಲ್ಲ, ಕೈ ತೊಡೆಯ ಮೇಲೇ ಇತ್ತು. ಆಮೇಲೆ ಒಂದು ದೊಡ್ಡ ತಿರುವು ಬಂತು. ಅವರು ಗಾಬರಿಯಿಂದ ಎಡಗೈ ಚಾಚಿ ಹಿಡಿದುಕೊಂಡರು.

"ಈ ಸೀಟಲ್ಲಿ ಕೂತ್ರೆ ಇಷ್ಟು ಹೆದರಿಕೆ ಆಗ್ತದಾ ಮಾರಾಯ?" ಎಂದರು. ಮತ್ತೆ, "ನಾನು ಇದರ ಎರಡರಷ್ಟು ಜೋರು ಓಡಿಸ್ತಿದ್ದೆ. ಪಾಪ, ಒಂದು ದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ಲ ಅವಳು" ಎಂದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಅವರ ಬೆರಳು ಸರಳಿನ ಕೆಳಗೆ ತಡಕಾಡಿ ಒಂದು ಕಡೆ ನಿಂತಿತು. "ಹಾಂ, ಇಲ್ಲಿದೆ ನೋಡು" ಎಂದರು.

ಅಲ್ಲಿ ಏನೂ ಇಲ್ಲವೆಂದು ನನಗಲ್ಲದೆ ಯಾರಿಗೆ ಗೊತ್ತು? ಆಸೆಪಟ್ಟ ಜೀವ, ಏನೋ ಸಿಕ್ಕಿದಂತೆ ಅನಿಸಿರಬೇಕು ಎಂದುಕೊಂಡು ಗಾಡಿ ಓಡಿಸಿದೆ. ಶೃಂಗೇರಿಯಲ್ಲಿ ಅವರು ಇಳಿಯಲಿಲ್ಲ. ತುಂಗೆಯ ಕಡೆ ಮುಖ ಮಾಡಿ ಹತ್ತು ನಿಮಿಷ ಕೂತು, "ಸಾಕು, ನಿಧಾನ ಹೋಗು, ಅವಳಿಗೆ ಹೆದರಿಕೆ" ಎಂದರು. ಮನೆ ತಲುಪಿದಾಗ ಅವರ ಮುಷ್ಟಿ ಹಿಡಿಯನ್ನು ಬಿಡಲೊಲ್ಲದು. ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಒಂಬತ್ತನೇ ದಿನ ಡಾಕ್ಟರು ಹೋದರು.

ಕಾರು ನನ್ನ ಗ್ಯಾರೇಜಿನಲ್ಲೇ ಇತ್ತು. ಹೇಳಿದ ಸುಳ್ಳು ನನ್ನನ್ನು ಸುಮ್ಮನೆ ಇರಲು ಬಿಡಲಿಲ್ಲ. ಆ ಡೂಪ್ಲಿಕೇಟನ್ನು ತೆಗೆದು ಆ ಜಾಗವನ್ನು ಖಾಲಿಯೇ ಬಿಡೋಣವೆಂದು ಸ್ಕ್ರೂ ಬಿಚ್ಚಿದೆ. ಹಿಡಿಯನ್ನು ತಿರುಗಿಸಿ ನೋಡಿದರೆ, ಕೆಳಗಡೆ ಎಡತುದಿಯ ಹತ್ತಿರ ಬೆರಳಗಲ ಪಾಲಿಶ್ ಸವೆದು ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ಮುಟ್ಟಿದೆ. ನುಣ್ಣಗಿನ ತಗ್ಗು.

ಯಾರೋ ಅದಲುಬದಲು ಮಾಡಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಹಿಂಬದಿ ನೋಡಿದೆ. ನನ್ನ ಚುಕ್ಕೆ, ನನ್ನ ಪಂಚಿನದೇ, ಒಂದು ಕಡೆ ಚಕ್ಕೆ ಹಾರಿದ್ದು.

ಅವತ್ತೇ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದೆ. ರಶೀದ್ ಸಾಬರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮಾಡಿದ್ದು ನಾನೇ. ಆದ್ರೆ ಈ ಸವೆತ ಅರದ್ದಲ್ಲ ಮಾರಾಯ್ರೆ. ಇದು ವರ್ಷಗಟ್ಟಲೆ ಹಿಡಿದು ಆಗೋದು" ಎಂದು ಹಿಡಿಯನ್ನು ಮೇಜಿನ ಮೇಲಿಟ್ಟರು, ಮತ್ತೆ ಮುಟ್ಟಲಿಲ್ಲ. ನಾನು ಅಷ್ಟಕ್ಕೆ ಬಿಡಲಿಲ್ಲ. ಅದೇ ಪಾಲಿಶಿನ ಬೇರೊಂದು ತುಂಡಿಗೆ ನನ್ನ ಉಂಗುರವನ್ನು ಒಂದಿಡೀ ಮಧ್ಯಾಹ್ನ ತಿಕ್ಕಿದೆ. ಉಂಗುರ ಸವೆಯಿತು, ತುಂಡಿಗೆ ಏನೂ ಆಗಲಿಲ್ಲ. ಡಾಕ್ಟರ ಕೈಯಲ್ಲಂತೂ ಉಂಗುರವೇ ಇರಲಿಲ್ಲ.

ಕೊನೆಗೆ ಸುಧಾ ಟೀಚರಿಗೆ ತೋರಿಸಿದೆ. ಅವರು ಒಳಗೆ ಹೋಗಿ ಅಮ್ಮನ ಉಂಗುರ ತಂದು, ಬೆರಳಿಗೆ ಹಾಕಿಕೊಂಡು ಹಿಡಿದು ನೋಡಿದರು. ಉಂಗುರ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು. "ಅಮ್ಮನಿಗೆ ಆ ಕಾರು ಅಂದ್ರೆ ಜೀವಭಯ. ಅಪ್ಪನಿಗೆ ಹೇಳ್ಬೇಡ, ಬೇಜಾರು ಮಾಡ್ಕೊಳ್ತಾರೆ ಅಂತಿದ್ರು" ಎಂದು ಬಿಕ್ಕಿಬಿಕ್ಕಿ ಅತ್ತರು. ಡಾಕ್ಟರು ದಾರಿಯಲ್ಲಿ ಆಡಿದ ಮಾತನ್ನು ನಾನು ಆಗ ಅವರಿಗೆ ಹೇಳಿದೆ.

ಹಿಡಿಯನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿದ್ದೇನೆ. ಕಾರನ್ನು ಸುಧಾ ಟೀಚರ್ ಮಾರಿಲ್ಲ. ಹೋದ ತಿಂಗಳು ಹಳೆಯ ಕಾರುಗಳ ಹುಚ್ಚಿರುವ ಒಬ್ಬರು ಚಿಕ್ಕಮಗಳೂರಿನಿಂದ ನೋಡಲು ಬಂದಿದ್ದರು. ಒಂದೊಂದೇ ಪಾರ್ಟನ್ನು ಮುಟ್ಟಿ ಮುಟ್ಟಿ ಕೇಳಿದರು, ನಾನು ಥಟ್ಟನೆ ಉತ್ತರ ಕೊಡುತ್ತಾ ಹೋದೆ. ಎಡಗಡೆಯ ಹಿಡಿಯ ಮೇಲೆ ಕೈಯಿಟ್ಟು, "ಇದು ಒರಿಜಿನಲ್ಲಾ, ಡೂಪ್ಲಿಕೇಟಾ?" ಎಂದರು. ನಾನು ಬಾನೆಟ್ ಎತ್ತಿ ಎಂಜಿನ್ ತೋರಿಸಲು ಹೋದೆ. ಆ ದಿನ ಹಾಸಿಗೆಯ ಪಕ್ಕ ನಿಂತು ಡಾಕ್ಟರಿಗೆ ನಾನು ಹೇಳಿದ್ದು ಸುಳ್ಳೋ ನಿಜವೋ, ಅದೇ ನನಗೆ ಇವತ್ತಿಗೂ ಗೊತ್ತಿಲ್ಲ.