ಬೆನ್ನು ತಿರುಗಿಸಿ ಕೂತ ಹಂಸಗಳು

ತೆಲಂಗಾಣ ರಾಜ್ಯವಾದ ವರ್ಷ ಗದ್ವಾಲದ ಜನ ಗಾಡಿಗಳ ನಂಬರ್ ಪ್ಲೇಟಿನ ಅಕ್ಷರ ಬದಲಾಗುವುದರ ಬಗ್ಗೆ ಮಾತಾಡುತ್ತಿದ್ದರೆ, ನಾನು ಚಿಕ್ಕಮ್ಮನ ಕುಣಿಮಗ್ಗದ ಪಕ್ಕ ಕೂತು ಒಂದು ಕರ್ನಲ್ಲನ್ನು ಹಳೆಯ ಪ್ರೊಸೆಸರಿನಿಂದ ಹೊಸದಕ್ಕೆ ಒಗ್ಗಿಸುತ್ತಿದ್ದೆ. ಕರ್ನಲ್ ಎಂದರೆ ಯಂತ್ರಕ್ಕೂ ಉಳಿದ ಪ್ರೋಗ್ರಾಂಗಳಿಗೂ ನಡುವೆ ಕೂತು ಎಲ್ಲ ವ್ಯವಹಾರ ನೋಡಿಕೊಳ್ಳುವ ಪ್ರೋಗ್ರಾಂ. ಹಾಗೆಂದು ಚಿಕ್ಕಮ್ಮನಿಗೆ ಹೇಳಿದರೆ, "ಅಂದ್ರ ಊರ ಪಟೇಲ ಇದ್ದಂಗ ಐತಿ" ಎಂದು ಲಾಳಿ ಒರೆಸತೊಡಗಿದಳು.

ಅಂಚಿನ ಚಿತ್ರಕ್ಕೆ ಬೇಕಾದ ಎಳೆಗಳನ್ನು ಎತ್ತುವ ಸಣ್ಣ ಪೆಟ್ಟಿಗೆಯೊಂದು ಅವಳ ಮಗ್ಗದ ಮೇಲಿತ್ತು. ಅದರೊಳಗಿನ ಬೋರ್ಡು ಸುಟ್ಟುಹೋಗಿತ್ತು. ಆ ಪ್ರೊಸೆಸರು ಈಗ ಎಲ್ಲೂ ತಯಾರಾಗುತ್ತಿರಲಿಲ್ಲ. ಹೈದರಾಬಾದಿನಲ್ಲಿ ಇಂಥದೇ ಕೆಲಸ ಮಾಡಿ ಮಕ್ತಲಕ್ಕೆ ಬಂದು ನೆಲೆಸಿದ್ದ ನಾನು, ಬೇರೆ ಜಾತಿಯ ಬೋರ್ಡೊಂದನ್ನು ಚೀಲದಲ್ಲಿ ಹಾಕಿಕೊಂಡು ಧರೂರಿನ ಮೇಲೆ ಗದ್ವಾಲಕ್ಕೆ ಹೋಗುವ ಬಸ್ಸು ಹಿಡಿದು ಬಂದಿದ್ದೆ.

ಚಿಕ್ಕಮ್ಮನ ಮಗಳ ಮದುವೆ ಹತ್ತಿರವಿತ್ತು. ಹರೆಯದಿಂದಲೂ ಅಂಗಡಿಯವರಿಗಾಗಿ ಯಾರ್ಯಾರದೋ ಮದುವೆ ಸೀರೆ ನೇದವಳಿಗೆ, ತನ್ನ ಮಗಳು ತನ್ನ ಕೈಯ ಸೀರೆಯನ್ನೇ ಉಡಬೇಕೆಂಬ ಒಂದೇ ಹಟ. ಅಂಚಿನ ತುಂಬ ಎದುರುಬದುರು ಕೂತ ಜೋಡಿ ಹಂಸಗಳಿರಬೇಕು. ಪೆಟ್ಟಿಗೆ ಕೆಟ್ಟದ್ದು ನೋಡಿ ಮಗಳು, "ಅಂಗಡ್ಯಾಗಿಂದು ತಂದ್ರೂ ನಡೀತೈತಿ ಬಿಡವ್ವ" ಎಂದಿದ್ದಳು. ಆ ದಿನವೇ ಚಿಕ್ಕಮ್ಮ ನನಗೆ ಫೋನು ಮಾಡಿದ್ದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊಸ ಪ್ರೊಸೆಸರು ಏಳುವ ರೀತಿ ಬೇರೆ, ಹೊತ್ತು ಲೆಕ್ಕ ಹಾಕುವ ರೀತಿ ಬೇರೆ, ನೆನಪಿನ ಜಾಗ ಹಂಚುವ ರೀತಿಯೂ ಬೇರೆ. ಒಂದೊಂದನ್ನೂ ಹೊಸದಾಗಿ ಬರೆದು ಚಾಲೂ ಮಾಡಿದರೆ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೂ ಇಲ್ಲ. ಬೋರ್ಡಿಗೆ ಬಾಯಿಗೆ ಬಂದಂತೆ ಬೈದೆ. "ಅದಕ್ಕ ಬೈದ್ರ ಏನ್ ಬಂತು, ಉಣ್ಣು ಬಾ" ಎಂದಳು ಚಿಕ್ಕಮ್ಮ. ಉಂಡು ಬಂದು ಮತ್ತೆ ಕೂತೆ. ಕೊನೆಗೊಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಸಾಲು ಮೂಡಿತು. ಪೆಟ್ಟಿಗೆ ಟಕಟಕ ಎಂದಿತು.

ಮಗ್ಗಕ್ಕೆ ಹೊಸದೇನೇ ಬಂದರೂ ಮೊದಲು ಗೋಪುರಗಳ ಸಾಲಿನ ಗುಡಿಯಂಚು ನೇಯುವುದು ಆ ಮನೆಯ ಪದ್ಧತಿ. ಚಿಕ್ಕಮ್ಮ ಗೇಣುದ್ದ ನೇದಳು. ಗುಡಿಗಳು ಸಾಲಾಗಿ ನೆಟ್ಟಗೆ ನಿಂತವು. ನಾನು ಗೆದ್ದೆನೆಂದು ಬೀಗುತ್ತ ಮಲಗಿದೆ.

ಮರುದಿನ ಹಂಸ ಶುರುವಾಯಿತು. ಎರಡು ಜೋಡಿ ಮುಗಿಯುವಷ್ಟರಲ್ಲಿ ಚಹಾ ತಂದ ಮಗಳು ಬಗ್ಗಿ ನೋಡಿದಳು.

"ಅವ್ವಾ, ನಿನ್ನ ಹಂಸ ಸಿಟ್ಟಾಗ್ಯಾವ ನೋಡು."

ನಿಜ. ಜೋಡಿಗಳೆಲ್ಲ ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದವು. ಚಿತ್ರದ ಸಾಲು ಹಂಸಕ್ಕೊಂದರಂತೆ ತುಂಡುತುಂಡಾಗಿ ಹೋಗುತ್ತದೆ; ಹಳೆಯ ಪ್ರೊಸೆಸರು ಪ್ರತಿ ತುಂಡನ್ನೂ ಎಡತುದಿಯಿಂದ ಕಳಿಸುತ್ತಿತ್ತು, ಹೊಸದು ಬಲತುದಿಯಿಂದ. ಹಾಗಾಗಿ ಪ್ರತಿ ಹಂಸವೂ ಕೂತಲ್ಲೇ ಮುಖ ತಿರುಗಿಸಿತ್ತು. ಗುಡಿಗೆ ಎಡಬಲ ಒಂದೇ ಆದ್ದರಿಂದ ಅದು ತಪ್ಪನ್ನು ತೋರಿಸಿರಲಿಲ್ಲ.

ಚಿಕ್ಕಮ್ಮ ಬೈಯಲಿಲ್ಲ. "ಮದುವಿ ಸೀರ್ಯಾಗ ಇವು ಹಿಂಗ ಕುಂತ್ರ ಹೆಂಗವ್ವ" ಎಂದಷ್ಟೇ ಹೇಳಿ ಎಳೆ ಬಿಚ್ಚಲು ಕೂತಳು. ನಾನು ಮತ್ತೆ ಬೋರ್ಡಿನ ಮುಂದೆ ಕೂತೆ. ಬದಲಿಸಬೇಕಾದದ್ದು ಒಂದೇ ಸಾಲು. ಅದು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಸಂಜೆಯಾಯಿತು. ಮತ್ತೆ ನೇದಾಗ ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತವು. ಮಗಳು ಅಂದಿನಿಂದ ಅಂಗಡಿಯ ಹೆಸರೆತ್ತಲಿಲ್ಲ. ತಾಯಿಯ ಪಕ್ಕ ಕೂತು ಲಾಳಿಯೊಳಗಿಡುವ ಕಂಡಿಗೆಗೆ ನೂಲು ಸುತ್ತಿಕೊಟ್ಟಳು.

ಸೀರೆಯನ್ನು ಮಗ್ಗದಿಂದ ಕೊಯ್ದು ಇಳಿಸಿದ ದಿನ ನಾನೂ ಅಲ್ಲಿದ್ದೆ. ಅಂಗಡಿಗೆಂದು ನೇದ ಸೀರೆಯಾದರೆ ಮೈಗೆ ತಾಗಿಸದೆ ಮಡಚಿ ಇಡುವುದು ರೂಢಿ. ಚಿಕ್ಕಮ್ಮ ಈ ಸಲವೂ ಮಡಚತೊಡಗಿದಳು. ಮಗಳು ಅವಳ ಕೈ ಹಿಡಿದು, ಸೆರಗು ಬಿಚ್ಚಿ ತಾಯಿಯ ಹೆಗಲ ಮೇಲೆ ಹಾಕಿದಳು.

"ನೀ ಉಡಾಕ ಐತಿ ಇದು" ಎಂದಳು ಚಿಕ್ಕಮ್ಮ. ಆದರೆ ತೆಗೆಯಲಿಲ್ಲ. ನನ್ನ ಕಡೆ ತಿರುಗಿ, "ನನಗ ಹೆಂಗ ಕಾಣ್ತೈತಿ?" ಎಂದು ಕೇಳಿದಳು. ಅಷ್ಟು ವರ್ಷ ಸೀರೆ ನೇದವಳು ಆ ಮಾತನ್ನು ಯಾರನ್ನೂ ಕೇಳಿರಲಿಲ್ಲ.