ಸಿರಿಲ್ ಮಾಸ್ಟ್ರ ಕಾರಿಗೆ ರಿಮೋಟು

ಸಿರಿಲ್ ಮಾಸ್ಟ್ರ ಅಂಗಿಯ ಜೇಬಿನಲ್ಲಿ ನೀಲಿ ಪೆನ್ನನ್ನು ನಾನು ಒಂದು ದಿನವೂ ಕಂಡವನಲ್ಲ. ಕೆಂಪು ಮಾತ್ರ. ಬರೆಯಬೇಕಾದದ್ದನ್ನೆಲ್ಲ ಬೇರೆಯವರು ಬರೆದು ಹಾಳುಮಾಡಿ ಆಗಿದೆ, ಇನ್ನು ತಿದ್ದುವುದೊಂದೇ ತನ್ನ ಪಾಲಿಗೆ ಉಳಿದದ್ದು ಎನ್ನುವ ಠೀವಿ. ಮದುವೆಯ ಕಾಗದ ಕೊಡಲು ಹೋದವರ ಎದುರೇ ಅದನ್ನು ತಿದ್ದಿ ವಾಪಸು ಕೊಟ್ಟ ಮನುಷ್ಯ. ಪೈವಳಿಕೆಯಲ್ಲಿ ಅವರ ಮನೆಗೆ ಕಾಗದ ಕೊಡಲು ಅಣ್ಣ ತಮ್ಮನನ್ನು ದೂಡುತ್ತಿದ್ದ, ತಮ್ಮ ಅಣ್ಣನನ್ನು.

ಏಳನೆಯ ಕ್ಲಾಸಿನಲ್ಲಿ ಅವರು ನಮ್ಮ ಕನ್ನಡ ಮಾಸ್ಟ್ರು. ವಾರಕ್ಕೊಮ್ಮೆ ಕಾಪಿ ಪುಸ್ತಕಕ್ಕೆ ಹತ್ತರಲ್ಲಿ ಮಾರ್ಕು ಹಾಕುತ್ತಿದ್ದರು. ಮಾರ್ಕಿನ ಸುತ್ತ ಒಂದು ಸೊನ್ನೆ, ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ. ನನಗೆ ವರ್ಷವಿಡೀ ಎರಡು. ಒಂದು ದಿನ ನನ್ನ ಪುಸ್ತಕವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು.

"ನೋಡಿ ಮಕ್ಕಳೇ, ಕಾಗೆ ಕಾಲು, ಗುಬ್ಬಿ ಕಾಲು. ಆದರೂ ಎರಡು ಮಾರ್ಕು ಎಂತಕ್ಕೆ ಗೊತ್ತುಂಟಾ? ಒಂದು, ಪುಸ್ತಕಕ್ಕೆ ಬೈಂಡು ಹಾಕಿದ್ದಕ್ಕೆ. ಇನ್ನೊಂದು, ಅಬೂಬಕರನ ಉಮ್ಮನಿಗೆ. ಪಾಪ, ಇಂಥವನನ್ನು ಬೆಳಿಗ್ಗೆ ಎಬ್ಬಿಸಿ, ಮೀಯಿಸಿ, ಶಾಲೆಗೆ ಕಳಿಸ್ತಾರಲ್ಲ. ಇವನದ್ದು ಅಂತ ಇದರಲ್ಲಿ ಎಂತದೂ ಇಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಮನುಷ್ಯ ನನಗೆ ಕಣ್ಣಿಗೆ ಆಗದಂತಾದದ್ದು ಅವತ್ತು. ಹತ್ತನೆಯದಾದ ಮೇಲೆ ಪೆನ್ನಿನ ಸಹವಾಸವೇ ಬೇಡವೆಂದು ಕಾರಿನ ವಯರಿಂಗ್ ಕೆಲಸ ಕಲಿತೆ. ವಯರು ದುಂಡಗಿದೆಯೋ ಎಂದು ಯಾರೂ ಕೇಳುವುದಿಲ್ಲ. ಇದನ್ನೂ ಫೋನಿನಲ್ಲಿ ಕುಟ್ಟುತ್ತಿದ್ದೇನೆ. ಫೋನಿನಲ್ಲಿ ಎಲ್ಲರ ಅಕ್ಷರವೂ ಒಂದೇ, ಅಲ್ಹಮ್ದುಲಿಲ್ಲಾ.

ಕುಂಜತ್ತೂರಿನಲ್ಲಿ ನನ್ನ ಅಂಗಡಿ. ಹಳೆಯ ಕಾರುಗಳಿಗೆ ರಿಮೋಟ್ ಲಾಕ್ ಹಾಕುವುದರಲ್ಲಿ ನನಗೆ ಹೆಸರುಂಟು. ಹಾಕಿಸುವವರ ಮೇಲೆ ಮಾತ್ರ ನನಗೆ ಕಾಸಿನ ಮರ್ಯಾದೆ ಇಲ್ಲ. ಬಾಗಿಲು ಜೋರಾಗಿ ಹಾಕಿದರೆ ತುಕ್ಕು ಉದುರುವ ಕಾರು, ಅದು ದೂರದಿಂದಲೇ 'ಟಕ್' ಎನ್ನಬೇಕು, ಎರಡು ಸಲ ಲೈಟು ಮಿಟುಕಿಸಬೇಕು! ಟಯರು ಸವೆದು ಬೋಳಾಗಿದ್ದರೂ ಚಿಂತೆಯಿಲ್ಲ. ಮದುವೆ ಹಾಲಿನ ಎದುರು ಗುಂಡಿ ಒತ್ತಿ, ಯಾರಾದರೂ ನೋಡಿದರೋ ಎಂದು ಆಚೀಚೆ ಕಣ್ಣು ಹಾಯಿಸುವ ಆ ಮುಖಗಳನ್ನು ಕಂಡರೆ ಮೈ ಉರಿಯುತ್ತದೆ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಸಾಲಿಗೆ ಸಿರಿಲ್ ಮಾಸ್ಟ್ರೂ ಬಂದು ನಿಂತರು. ಅವರು ರಿಟೈರ್ ಆಗಿ ಹದಿನೈದು ವರ್ಷ ದಾಟಿತ್ತು. ಕಡುಗೆಂಪು ಬಣ್ಣದ ಪುಟ್ಟ ಕಾರು, ಇಪ್ಪತ್ತು ವರ್ಷ ಹಳೆಯದು. ಬಲಗೈಯನ್ನು ಪ್ಯಾಂಟಿನ ಜೇಬಿನೊಳಗಿಟ್ಟುಕೊಂಡೇ ಇಳಿದವರು ಮೊದಲು ನನ್ನ ಬೋರ್ಡು ಓದಿದರು.

"ಬರೆದದ್ದು ಯಾರು?"

"ಪೈಂಟರ್, ಮಾಸ್ಟ್ರೇ."

"ಹಾಗೆ ಹೇಳು. ನೀನಾಗಿದ್ದರೆ ಇದು ಎಂತ ಅಂಗಡಿ ಅಂತಲೇ ಗೊತ್ತಾಗ್ತಿರಲಿಲ್ಲ."

ಕಾರಿಗೆ ರಿಮೋಟು ಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ. "ಎಂತಕ್ಕೆ ಮಾಸ್ಟ್ರೇ? ಇದನ್ನು ಕದಿಯಲಿಕ್ಕೆ ಬಂದ ಕಳ್ಳ, ಪಾಪ ಅಂತ ಪೆಟ್ರೋಲ್ ಹಾಕಿಸಿ ಇಟ್ಟು ಹೋದಾನು."

"ನಿನ್ನ ಹತ್ರ ಅಭಿಪ್ರಾಯ ಕೇಳ್ಲಿಕ್ಕೆ ಬಂದದ್ದಾ ನಾನು? ಕೆಲಸ ಗೊತ್ತುಂಟಾ, ಇಲ್ವಾ, ಅದು ಹೇಳು."

ಕೀಯನ್ನು ನನ್ನ ಕೈಗೆ ಕೊಡಲಿಲ್ಲ, ಎಡಗೈಯಲ್ಲಿ ಮೇಜಿನ ಮೇಲೆ ಎಸೆದರು. ಪಕ್ಕದ ಹೋಟೆಲಿನಿಂದ ಚಾ ತರಿಸಿದೆ, ಮುಟ್ಟಲಿಲ್ಲ. ಆರಿ ಕೆನೆ ಕಟ್ಟಿತು. ನನ್ನ ಅಂಗಡಿಯ ಚಾ ಇವರ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟು ದೊಡ್ಡ ಜನ, ಇರಲಿ ಎಂದು ಹಲ್ಲು ಕಚ್ಚಿದೆ.

ಬಾಗಿಲು ತೆರೆಯಲು ಬಗ್ಗಿದಾಗ ಕೀ ಹಾಕುವ ತೂತು ಕಣ್ಣಿಗೆ ಬಿತ್ತು. ಅದರ ಸುತ್ತ ಅಂಗೈಯಗಲ ಗೀರುಗಳು. ಮೇಲೆ, ಕೆಳಗೆ, ಅಡ್ಡ, ಒಂದರ ಮೇಲೊಂದು. ಕೆಂಪು ಪೈಂಟು ಕಿತ್ತು ಬಿಳಿ ಕಾಣುತ್ತಿತ್ತು. ಹಳೆಯವೂ ಇದ್ದವು, ಅವತ್ತಿನವೂ ಇದ್ದವು. ಕೈ ನಡುಗುವವರು ತೂತು ಸಿಗದೆ ಕೀಯನ್ನು ಅಲೆದಾಡಿಸಿದ ಗುರುತು ಅದು. ಜೇಬಿನೊಳಗಿನ ಬಲಗೈ, ಎಸೆದ ಕೀ, ಮುಟ್ಟದ ಚಾ, ಎಲ್ಲ ಒಟ್ಟಿಗೇ ಅರ್ಥವಾಯಿತು.

ಕಾಗೆ ಕಾಲು, ಗುಬ್ಬಿ ಕಾಲು! ಯಾ ಅಲ್ಲಾ, ಎಂಥ ದಿನ! ಮೂವತ್ತು ವರ್ಷ ಕಾದ ಮಾತು ನಾಲಗೆಯ ತುದಿಗೆ ಬಂದಿತ್ತು. "ಮಾಸ್ಟ್ರೇ, ಹತ್ತರಲ್ಲಿ ಎರಡು" ಎಂದರೆ ಸಾಕು. ಕೇಳಲು ಜನವೂ ಇತ್ತು. ದುಬೈಯಿಂದ ರಜೆಯಲ್ಲಿ ಬಂದಿದ್ದ ಹಮೀದ್ ತನ್ನ ಹೊಚ್ಚಹೊಸ ಕಾರಿಗೆ ಕ್ಯಾಮರಾ ಹಾಕಿಸಲು ಕಾದು ಕೂತಿದ್ದ. ಅವನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಪೈವಳಿಕೆಗೆ ಮುಟ್ಟುತ್ತದೆ.

ತಿರುಗಿದರೆ ಮಾಸ್ಟ್ರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ನೋಡಿದ್ದನ್ನು ಅವರು ನೋಡಿದ್ದರು. ಧ್ವನಿ ತಗ್ಗಿಸಿದರು.

"ಆದಿತ್ಯವಾರ ಪೂಜೆ ಬಿಟ್ಟ ಮೇಲೆ ಎಲ್ಲರೂ ಇಗರ್ಜಿಯ ಅಂಗಳದಲ್ಲೇ ನಿಂತಿರ್ತಾರೆ, ಅಬೂಬಕರ. ನಾನು ಬಾಗಿಲು ಕೆರೆಯುವುದನ್ನು ನೋಡ್ತಾರೆ. ಪಾಪ ಅಂತಾರೆ. ನನಗೆ ಅವರ ಪಾಪ ಬೇಡ."

"ಸ್ಟಾರ್ಟ್ ಮಾಡ್ಲಿಕ್ಕೆ ಕೀ ಹಾಕ್ಲೇಬೇಕಲ್ಲ?" ನಾನೂ ಪಿಸುಗುಟ್ಟಿದೆ.

"ಒಳಗೆ ಕೂತ ಮೇಲೆ ಎಷ್ಟು ಹೊತ್ತಾದರೆ ಎಂತ? ಯಾರಿಗೆ ಕಾಣ್ತದೆ? ಸ್ಟೇರಿಂಗ್ ಹಿಡಿದರೆ ಕೈ ನಿಲ್ತದೆ, ಓಡಿಸಬಹುದು ಅಂತ ಡಾಕ್ಟ್ರೇ ಹೇಳಿದ್ದಾರೆ. ಸಣ್ಣ ಕೆಲಸಕ್ಕೆ ಮಾತ್ರ ಇದು ಮಾತು ಕೇಳುವುದಿಲ್ಲ."

ಅಷ್ಟರಲ್ಲಿ ಹಮೀದ್ ಎದ್ದು ಬಂದ. "ಎಂತ ಮಾರಾಯ ಅಬ್ಬು, ಬಾಗಿಲಲ್ಲಿ ಎಂತ ಅದು ಗೀರು?"

ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. "ಸ್ಕ್ರೂಡ್ರೈವರ್ ಜಾರಿ ಜಾರಿ ನಾನೇ ಗೀರಿದ್ದು."

ಇಷ್ಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಒಂದು ಒಳ್ಳೆಯ ನೋಟವಾದರೂ ನೋಡುತ್ತಿದ್ದರು. ಈ ಮುದುಕನೋ! ರಸ್ತೆಯ ಆಚೆಗೂ ಕೇಳುವಂತೆ ಗಂಟಲು ಎತ್ತಿದರು. "ನೋಡಿ, ನೋಡಿ! ಶಾಲೆಯಲ್ಲೂ ಇವನ ಕೈ ಹೀಗೇ. ಪುಸ್ತಕದಲ್ಲಿ ಕೆರೆದದ್ದು ಸಾಲದೆ ಈಗ ಕಾರಿನಲ್ಲಿ ಕೆರೀತಾನೆ. ನಿಮ್ಮ ಹೊಸ ಕಾರು ಇವನ ಕೈಗೆ ಕೊಟ್ಟೀರಿ ಮತ್ತೆ!"

ಹಮೀದ್ ಮೆಲ್ಲ ತನ್ನ ಕೀ ಎತ್ತಿಕೊಂಡು, "ನಾಳೆ ಬರ್ತೇನೆ ಅಬ್ಬು" ಎಂದು ಹೋದ. ಇವತ್ತಿಗೂ ಬಂದಿಲ್ಲ. ಮಾಸ್ಟ್ರ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆದರೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ನಾಲ್ಕೂ ಬಾಗಿಲಿನ ಒಳಪ್ಯಾಡು ಬಿಚ್ಚಿ ಮೋಟರು ಕೂರಿಸಿದೆ. ಬಾಗಿಲು ತೆರೆದು ಹಾಕುವಾಗ ವಯರು ತುಂಡಾಗದ ಹಾಗೆ ರಬ್ಬರಿನೊಳಗಿಂದಲೇ ತೂರಿಸಿದೆ. ಗೀರುಗಳನ್ನು ಉಜ್ಜಿ, ಪೈಂಟು ತಾಗಿಸಿ ಮುಚ್ಚಿದೆ. ರಿಮೋಟಿನ ಪೆಟ್ಟಿಗೆಯಲ್ಲಿ ಒಂದು ಗ್ಯಾರಂಟಿ ಕಾರ್ಡು ಇರುತ್ತದೆ, ಹೆಸರು, ಊರು, ತಾರೀಕು ತುಂಬಲು. ಅದನ್ನು ಅವರ ಎದುರು ಇಟ್ಟೆ. ಅವರು ನನ್ನ ಕಡೆಗೇ ದೂಡಿದರು.

"ನೀನೇ ಬರೆ."

ಬರೆದೆ. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇನ್ನೂ ಹಾಗೇ ಉಂಟಲ್ಲ ಮಾರಾಯ!" ಎಂದು ಮೂಗು ಮುರಿದು ಜೇಬಿಗೆ ಹಾಕಿಕೊಂಡರು. ನಾವು ಎದುರೆದುರು ಮಾತಾಡಿದ್ದು ಅದೇ ಕೊನೆ.

ಆಮೇಲಿನದ್ದೆಲ್ಲ ಗಿರಾಕಿಗಳ ಬಾಯಿಂದ ಕೇಳಿದ್ದು. ಇಗರ್ಜಿಯ ಮೆಟ್ಟಿಲಲ್ಲೇ, ಜೇಬಿನೊಳಗಿಂದ ಗುಂಡಿ ಒತ್ತುತ್ತಾರಂತೆ. ಅಂಗಳದ ಆಚೆ ಕಾರು ಲೈಟು ಮಿಟುಕಿಸಿದ ಮೇಲೆ ಯಾರ ಮುಖವನ್ನೂ ನೋಡದೆ ನಡೆದು ಹೋಗಿ ಕೂರುತ್ತಾರಂತೆ. "ಮಾಸ್ಟ್ರಿಗೆ ಈ ಪ್ರಾಯದಲ್ಲಿ ಎಂತ ಶೋಕಿ ಮಾರಾಯ!" ಎಂದು ಜನ ನಗುತ್ತಿದ್ದರು. ನಾನೂ ಸೇರಿ ನಕ್ಕೆ. ಶೋಕಿಯ ಮುದುಕ ಎನ್ನಿಸಿಕೊಳ್ಳಲು ಅವರು ತಯಾರಿದ್ದರು, ಪಾಪದ ಮುದುಕ ಎನ್ನಿಸಿಕೊಳ್ಳಲು ಮಾತ್ರ ತಯಾರಿರಲಿಲ್ಲ. ತಲೆಯಿಂದ ಕಾಲಿನವರೆಗೆ ಅಹಂಕಾರ.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನಾನು ಹೋಗಿ ಕೊಡೆ ಹಿಡಿದು ದೂರದಲ್ಲಿ ನಿಂತು ಬಂದೆ.

ಮೊನ್ನೆ ಆ ಕೆಂಪು ಕಾರು ನನ್ನ ಅಂಗಡಿಗೆ ಬಂತು. ಅಡೂರಿನವರೊಬ್ಬರು ಅದನ್ನು ಕೊಂಡಿದ್ದರು. ರಿಮೋಟಿನ ಸೆಲ್ಲು ಹೋಗಿತ್ತು, ಹೊಸದು ಹಾಕಬೇಕಿತ್ತು. ಹೊರಗೆ ಬಾಗಿಲಲ್ಲಿ ಒಂದು ಗೀರೂ ಇಲ್ಲ. ಒಳಗೆ, ಸ್ಟೇರಿಂಗಿನ ಪಕ್ಕ ಕೀ ಹಾಕುವಲ್ಲಿ ಮಾತ್ರ ಗೀರಿಲ್ಲದ ಜಾಗವೇ ಉಳಿದಿರಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಹಳೆಯ ಕಾಗದಗಳ ನಡುವೆ ಗ್ಯಾರಂಟಿ ಕಾರ್ಡು ಸಿಕ್ಕಿತು. ನನ್ನ ಅಕ್ಷರದ ಕೆಳಗೆ ಕೆಂಪು ಶಾಯಿಯಲ್ಲಿ ಮಾರ್ಕು. ಗೆರೆ ಅಲ್ಲಲ್ಲಿ ಹಾರಿಹೋಗಿತ್ತು. ಸುತ್ತ ಎಳೆದ ಸೊನ್ನೆಯ ತುದಿಗಳು ಕೂಡಿರಲಿಲ್ಲ. ಹತ್ತರಲ್ಲಿ ಮೂರು.

ಮೂರು! "ಜುಗ್ಗ!" ಎಂದು ಜೋರಾಗಿಯೇ ಬೈದೆ. ಅಡೂರಿನವರು ತಮಗೇ ಬೈದೆನೆಂದು ಗಾಬರಿಯಾದರು. ಇಷ್ಟು ವರ್ಷದ ಮೇಲೆ, ಅಷ್ಟೆಲ್ಲ ಆದ ಮೇಲೆ, ಒಂದೇ ಒಂದು ಮಾರ್ಕು ಜಾಸ್ತಿ.

ಆಮೇಲೆ ಲೆಕ್ಕ ಹಾಕಿದೆ. ಆ ಕಾರ್ಡಿಗೆ ಬೈಂಡು ಹಾಕಿರಲಿಲ್ಲ. ಅದನ್ನು ಬರೆಯುವಾಗ ಉಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು. ಹಾಗಾದರೆ ಮೂರೂ ನನ್ನವೇ.