ಹನ್ನೆರಡು ಚೌಕದ ಶಾಲು

ಹೆಣಿಗೆ ಟೀಚರಮ್ಮನ ಗಂಡ ಅಂಗಡಿಯಲ್ಲಿ ಕೊಂಡ ಸ್ವೆಟರ್ ಹಾಕುತ್ತಿದ್ದರು. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ಚಳಿಗಾಲ. ಕಂದು ಬಣ್ಣದ ಮೆಶಿನ್ ಸ್ವೆಟರ್; ಮೊಣಕೈ ಹತ್ತಿರ ಸವೆದು ಒಳಗಿನ ಅಂಗಿ ಇಣುಕುತ್ತಿತ್ತು. ಯಾರಾದರೂ ಕೇಳಿದರೆ ಆ ಸಂಭಾವಿತ ಮನುಷ್ಯ, "ಅವಳಿಗೆ ಪುರುಸೊತ್ತೆಲ್ಲಿ? ಊರಿಗೆಲ್ಲ ಹೆಣಿಗೆ ಕಲಿಸ್ಬೇಕಲ್ಲ" ಎನ್ನುತ್ತಿದ್ದರು. ಆ ಮಾತಿನಲ್ಲಿ ಹೆಮ್ಮೆ ಎಷ್ಟು, ಕೊಂಕು ಎಷ್ಟು ಎಂದು ಟೀಚರಮ್ಮ ವಿಚಾರಿಸಲು ಹೋದವರಲ್ಲ. ಅದಕ್ಕೂ ಪುರುಸೊತ್ತಿರಲಿಲ್ಲ.

ಕ್ಲಾಸು ನಡೆಯುತ್ತಿದ್ದದ್ದು ಲೈಬ್ರರಿಯ ಮಹಡಿ ಕೋಣೆಯಲ್ಲಿ, ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ. ಎರಡು ಉದ್ದ ಮೇಜು, ಒಂದಷ್ಟು ಕುರ್ಚಿ, ಅದರಲ್ಲಿ ಒಂದು ಕುಂಟು. ಶಿಷ್ಯೆಯರು ಹನ್ನೊಂದು ಜನ. ಪಟ್ಟದ ಶಿಷ್ಯೆ ಎಂದರೆ ಹಲ್ಲಿನ ಡಾಕ್ಟರಮ್ಮ. ವಾರವಿಡೀ ಕಂಡವರ ಬಾಯಿ ತೆರೆಸುವ ಈಕೆ ಶನಿವಾರ ತಮ್ಮ ಬಾಯಿ ತೆರೆದರೆ ಐದು ಗಂಟೆಯ ತನಕ ಮುಚ್ಚುತ್ತಿರಲಿಲ್ಲ. ಕಿಟಕಿ ಪಕ್ಕ ಒಂದು ಅತ್ತೆ-ಸೊಸೆ ಜೋಡಿ. ಅತ್ತೆಯ ಹೆಣಿಗೆ ಎಷ್ಟು ಬಿಗಿಯೆಂದರೆ ಎರಡನೇ ಸಾಲಿಗೆ ಕಡ್ಡಿ ತೂರುತ್ತಿರಲಿಲ್ಲ. ಸೊಸೆಯದು ಎಷ್ಟು ಸಡಿಲವೆಂದರೆ ಮೂರು ಬೆರಳು ಆಚೆ ಬರುತ್ತಿದ್ದವು. ಆ ಮನೆಯ ಸಮಾಚಾರವನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಇವರೆಲ್ಲ ತಮ್ಮನ್ನು 'ಹೆಣಿಗೆ ಬಳಗ' ಎಂದು ಕರೆದುಕೊಳ್ಳುತ್ತಿದ್ದರು. ಬಳಗಕ್ಕೆ ತನ್ನದೇ ಆದ ಶಿಸ್ತಿತ್ತು. ಯಾರೇ ಹೊಸ ಉಲ್ಲನ್ ತಂದರೂ ಎಲ್ಲರೂ ಅದನ್ನು ಕೆನ್ನೆಗೆ ಒತ್ತಿಕೊಂಡು "ಅಯ್ಯೋ, ಎಷ್ಟು ಮೆತ್ತಗಿದೆ!" ಎನ್ನಬೇಕು. ಒಬ್ಬರ ಮಂಡಿ ನೋವು, ಇನ್ನೊಬ್ಬರ ನಾದಿನಿಯ ಕೊಬ್ಬು, ಪಕ್ಕದ ಮನೆಗೆ ಬಂದ ಹೊಸ ಬಾಡಿಗೆಯವರ ಪೂರ್ವಾಪರ, ಎಲ್ಲ ವಿಚಾರಣೆಗೆ ಬರಬೇಕು. ಇಷ್ಟಾಗಿ ಉಳಿದ ಹತ್ತು ನಿಮಿಷ ಹೆಣಿಗೆ. ಹತ್ತು ನಿಮಿಷದಲ್ಲಿ ಆಗಬಹುದಾದ ಅನಾಹುತವೆಲ್ಲ ಆಗುತ್ತಿತ್ತು. ಕುಣಿಕೆ ಕಡ್ಡಿಯಿಂದ ಜಾರಿ ತೂತು ಬೀಳುತ್ತಿತ್ತು, ಮೂವತ್ತಿದ್ದ ಕುಣಿಕೆ ಹೇಳದೆ ಕೇಳದೆ ನಲವತ್ತೊಂದಾಗುತ್ತಿತ್ತು, ಸೀದಾ ಹೆಣೆಯಬೇಕಾದ ಕಡೆ ಉಲ್ಟಾ ಬಂದು ಕೂರುತ್ತಿತ್ತು. ಐದು ಹೊಡೆದ ತಕ್ಷಣ ಟೀಚರಮ್ಮ ತಮ್ಮ ದೊಡ್ಡ ಬಟ್ಟೆ ಚೀಲದ ಬಾಯಿ ಅಗಲಿಸಿ, "ಇಲ್ಲಿ ಹಾಕ್ರಮ್ಮ, ಒಂಚೂರು ಸರಿ ಮಾಡಿ ತರ್ತೀನಿ" ಎನ್ನುತ್ತಿದ್ದರು.

ಈ ಒಂಚೂರು ಎಷ್ಟೆಂದರೆ, ಹನ್ನೊಂದು ಹೆಣಿಗೆಯನ್ನೂ ಬುಡದ ತನಕ ಬಿಚ್ಚಿ, ಹೊಸದಾಗಿ ಹೆಣೆದು, ಮೇಲೆ ಇನ್ನೊಂದಿಷ್ಟು ಸಾಲು ಸೇರಿಸುವಷ್ಟು. ಭಾನುವಾರದಿಂದ ಶುಕ್ರವಾರದವರೆಗೆ ಟೀಚರಮ್ಮನ ಮಧ್ಯಾಹ್ನಗಳೆಲ್ಲ ಇದಕ್ಕೇ ಮೀಸಲು. ಶನಿವಾರ ಶಿಷ್ಯೆಯರು ತಮ್ಮ ತಮ್ಮ ಮಫ್ಲರು, ಟೋಪಿ ಎತ್ತಿ ಹಿಡಿದು, "ನನ್ ಕೈ ಎಷ್ಟು ಚೆನ್ನಾಗಿ ಕೂತಿದೆ ನೋಡಿ!" ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದರು. ಒಬ್ಬರಿಗಾದರೂ ಸಂಶಯ ಬರಬೇಡವೇ? ಹೊಗಳಿಕೆ ತಮ್ಮ ಕಡೆ ಬರುತ್ತಿರುವಾಗ ಸಂಶಯಪಡುವಷ್ಟು ದಡ್ಡರು ಅವರಾಗಿರಲಿಲ್ಲ.

ಇದು ಟೀಚರಮ್ಮನ ದೊಡ್ಡ ಮನಸ್ಸು ಎಂದು ಯಾರಾದರೂ ಕಣ್ಣೀರು ಹಾಕುವುದಾದರೆ ದಯವಿಟ್ಟು ತಡೆಯಿರಿ. ಇನ್ನೊಬ್ಬರ ಕೆಟ್ಟ ಹೆಣಿಗೆ ಕಂಡರೆ ಅವರಿಗೆ ಕೈ ತುರಿಸುತ್ತಿತ್ತು, ಅದು ಒಂದು. ತಾವಿಲ್ಲದಿದ್ದರೆ ಈ ಹನ್ನೊಂದು ಜನಕ್ಕೆ ಒಂದು ಟೋಪಿಗೂ ಗತಿಯಿಲ್ಲ ಎಂಬ ಗುಟ್ಟಿನ ಸುಖ, ಅದು ಇನ್ನೊಂದು. ಆ ಸುಖಕ್ಕೆ ಗಂಡನ ಮೊಣಕೈ ಬಲಿಯಾಗಿತ್ತು.

ಹನ್ನೆರಡನೆಯವರಾಗಿ ಬಂದು ಸೇರಿದವರು ಒಬ್ಬ ರಿಟೈರಾದ ಬಸ್ ಕಂಡಕ್ಟರ್. "ಮೂವತ್ತೆರಡು ವರ್ಷ ನಿಂತ್ಕೊಂಡೇ ದುಡಿದೆ, ಈಗ ಕೂತ್ಕೊಂಡು ಮಾಡೋ ಕೆಲ್ಸ ಬೇಕು" ಎಂದು ಕುಂಟು ಕುರ್ಚಿಯಲ್ಲಿ ಕೂತರು. ಮೊದಲ ದಿನವೇ ಅವರ ನೀಲಿ ಮಫ್ಲರಿನ ನಡುವೆ ನಿಂಬೆಹಣ್ಣಿನಷ್ಟು ತೂತು. ಐದು ಗಂಟೆಗೆ ಟೀಚರಮ್ಮ ಚೀಲ ಚಾಚಿದರೆ ಕಂಡಕ್ಟರ್ ತಮ್ಮ ಬ್ಯಾಗನ್ನು ಕಂಕುಳಿಗೆ ಒತ್ತಿಕೊಂಡರು.

"ಬ್ಯಾಗ್ ಯಾರ ಕೈಗೂ ಕೊಡಲ್ಲ ಮೇಡಂ. ಸರ್ವೀಸಲ್ಲಿದ್ದಾಗಿಂದ ಅಭ್ಯಾಸ."

"ತೂತು ಮುಚ್ಚಿ ಕೊಡ್ತೀನಿ ಅಷ್ಟೇ."

"ಇರ್ಲಿ ಬಿಡಿ. ನಾನೇ ಮಾಡಿದ್ ತೂತು."

ಮುಂದಿನ ವಾರ ಅವರು ಡಾಕ್ಟರಮ್ಮನ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಟೀಚರಮ್ಮನ ಹತ್ತಿರ ಬಗ್ಗಿ ಮೆಲ್ಲಗೆ, "ಹೋದ ವಾರ ಇಲ್ಲಿ ಮೂರು ತೂತಿದ್ವು. ಯಾವ ಸ್ಟಾಪಲ್ಲಿ ಇಳಿದ್ವು?" ಎಂದು ಕೇಳಿದರು. ಟೀಚರಮ್ಮ ಸರಕ್ಕನೆ ಟೋಪಿ ಕಿತ್ತುಕೊಂಡು ಡಾಕ್ಟರಮ್ಮನ ಕೈಗಿಟ್ಟರು. ಕಂಡಕ್ಟರ್ ಮಾತ್ರ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಗುಟ್ಟು ಒಡೆದದ್ದು ಲೈಬ್ರರಿಯಿಂದ. ಚಿತ್ರಕಲೆಯ ಮೇಷ್ಟರೊಬ್ಬರು ಅದೇ ಕೋಣೆಯನ್ನು ಅದೇ ಹೊತ್ತಿಗೆ ಕೇಳಿದ್ದರು. ಲೈಬ್ರರಿಯನ್ ಟೀಚರಮ್ಮನನ್ನು ಕೆಳಗೆ ಕರೆಸಿ, "ಕಮಿಟಿಯವ್ರು ವಾರ್ಷಿಕೋತ್ಸವಕ್ಕೆ ಬರ್ತಾರೆ. ನಿಮ್ಮ ಹನ್ನೆರಡು ಜನಾನೂ ಅವರೆದುರು ಹೆಣೆದು ತೋರಿಸ್ಲಿ. ಕಲ್ತಿದಾರೆ ಅಂತಾದ್ರೆ ಕೋಣೆ ನಿಮಗೇ. ಇಲ್ಲಾಂದ್ರೆ ಮೇಷ್ಟ್ರಿಗೆ" ಎಂದರು.

"ಮುಗಿಸಿದ್ದನ್ನ ಮೇಜಿನ ಮೇಲೆ ಜೋಡಿಸಿದ್ರೆ ಸಾಲದಾ?"

"ಜೋಡಿಸೋದನ್ನ ಅಂಗಡಿಯವ್ರೂ ಮಾಡ್ತಾರಲ್ಲ ಮೇಡಂ."

ಉಳಿದದ್ದು ಆ ದಿನವೂ ಸೇರಿ ಮೂರು ಶನಿವಾರ. ಹನ್ನೊಂದು ವರ್ಷ ಮಾಡದ ಕೆಲಸವನ್ನು, ಅಂದರೆ ಕಲಿಸುವುದನ್ನು, ಮೂರು ಶನಿವಾರದಲ್ಲಿ ಮಾಡಬೇಕು. ಕೋಣೆ ಹೋದರೆ ಬಳಗ ಚದುರುತ್ತದೆ, ಬಳಗ ಚದುರಿದರೆ ತಾವು ಯಾರ ಟೀಚರು? ಟೀಚರಮ್ಮ ಮೆಟ್ಟಿಲು ಹತ್ತುವಾಗಲೇ ಬೆವತಿದ್ದರು.

"ಇವತ್ತು ಎಲ್ಲರೂ ನೀವೇ ಇಪ್ಪತ್ತು ಕುಣಿಕೆ ಹಾಕಿ ಶುರು ಮಾಡಿ" ಎಂದರು, ಏನೂ ಆಗದವರಂತೆ.

ಶಿಷ್ಯೆಯರೆಲ್ಲ ತಮ್ಮ ಕಡ್ಡಿಯನ್ನು ಅವರ ಕಡೆಗೇ ಚಾಚಿದರು.

"ಕುಣಿಕೆ ಹಾಕೋದು ನೀವಲ್ವಾ?" ಎಂದರು ಡಾಕ್ಟರಮ್ಮ. "ನಾವು ಮುಂದಿಂದು ಹೆಣೆಯೋದು."

ಆ ಮುಂದಿನದನ್ನಾದರೂ ಹೆಣೆಯಲಿ ಎಂದು ಟೀಚರಮ್ಮ ತಾವೇ ಕುಣಿಕೆ ಹಾಕಿಕೊಟ್ಟರು. ಹರಟೆಗೆ ಅವಕಾಶವಿಲ್ಲದೆ ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಮೇಜಿನ ಮೇಲೆ ಹುಟ್ಟಿದ ವಸ್ತುಗಳಿಗೆ ಯಾವ ಭಾಷೆಯಲ್ಲೂ ಹೆಸರಿಲ್ಲ. ಡಾಕ್ಟರಮ್ಮ ತಮ್ಮ ಬೆರಳುಗಳನ್ನು ರೋಗಿಯ ದವಡೆ ನೋಡುವ ಹಾಗೆ ನೋಡಿಕೊಂಡರು.

"ನನ್ ಕೈಗೆ ಏನೋ ಆಗಿದೆ. ಹೋದ ತಿಂಗ್ಳು ತಾನೇ ಮೊಮ್ಮಗೂಗೆ ಟೋಪಿ ಹೆಣೆದಿದೀನಿ, ಇದೇ ಕೈಲಿ!"

ಕಂಡಕ್ಟರ್ ಟೀಚರಮ್ಮನ ಮುಖ ನೋಡಿದರು. ಟೀಚರಮ್ಮ ಕೈಲಿದ್ದ ಕಡ್ಡಿ ಮೇಜಿನ ಮೇಲಿಟ್ಟರು.

"ಅದು ನಾನು ಹೆಣೆದಿದ್ದು" ಎಂದರು. "ಎಲ್ಲಾರ್ದೂ ನಾನೇ. ಮೊದಲಿಂದ್ಲೂ."

ಹನ್ನೊಂದು ವರ್ಷದ ದುಡಿಮೆಗೆ ಯಾರಾದರೂ ಒಂದು ಥ್ಯಾಂಕ್ಸ್ ಹೇಳಿಯಾರು ಎಂದು ಅವರಿಗೆ ಎಲ್ಲೋ ಒಂದು ಆಸೆಯಿತ್ತು. ಡಾಕ್ಟರಮ್ಮನ ಪಿತ್ತ ನೆತ್ತಿಗೇರಿತು. "ಅಂದ್ರೆ ಕ್ಲಿನಿಕ್ಕಿಗೆ ಬಂದೋರಿಗೆಲ್ಲ ನಾನು ತೋರಿಸ್ಕೊಂಡು ಮೆರೆದಿದ್ದು ನಿಮ್ ಕೆಲ್ಸಾನಾ? ನನ್ ಮರ್ಯಾದೆ ಏನಾಯ್ತು?"

"ನಮ್ಮ ಸೊಸೆ ನನಗಿಂತ ಚೆನ್ನಾಗಿ ಹೆಣೀತಾಳೆ ಅಂತ ಎರಡು ವರ್ಷ ಹೊಟ್ಟೆ ಉರ್ಕೊಂಡೆನಲ್ಲಮ್ಮಾ!" ಎಂದರು ಅತ್ತೆ.

"ನಾನೂ ಹಂಗೇ ಅತ್ತೆ" ಎಂದಳು ಸೊಸೆ. ಆ ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಅವತ್ತೇ ಮೊದಲು.

ಗಲಾಟೆ ತಣ್ಣಗಾದ ಮೇಲೆ ಕಂಡಕ್ಟರ್ ಎದ್ದು ತಮ್ಮ ಕುಂಟು ಕುರ್ಚಿಯನ್ನು ಟೀಚರಮ್ಮನ ಮುಂದಿಟ್ಟರು. "ಕೂತ್ಕೊಳ್ಳಿ ಟೀಚರಮ್ಮ. ಕೈ ತೊಡೆ ಕೆಳಗಿಟ್ಕೊಳ್ಳಿ. ಬಾಯಲ್ಲಿ ಹೇಳಿ, ನಾವು ಮಾಡ್ತೀವಿ."

ಮೂರು ಶನಿವಾರ ಟೀಚರಮ್ಮ ತಮ್ಮ ಕೈ ಮೇಲೆ ತಾವೇ ಕೂತರು. ಕಣ್ಣೆದುರು ಕುಣಿಕೆ ಜಾರುವುದು ಕಾಣುತ್ತಿತ್ತು; ಅದು ಜಾರುವ ಮೊದಲೇ ಕಾಣುತ್ತಿತ್ತು. ಬೆರಳುಗಳು ತೊಡೆಯ ಕೆಳಗೆ ಒದ್ದಾಡುತ್ತಿದ್ದವು. ನೊಂದಿದ್ದರು, ನಿಜ. ಆದರೆ ಬಾಯಲ್ಲಿ ಹೇಳಿದ್ದು ಅತ್ತೆಯ ಕಡ್ಡಿಯಲ್ಲಿ ಮೊದಲ ಸಲ ಸಡಿಲವಾಗಿ ಇಳಿದಾಗ ಏನೋ ಒಂದು ಹಿತವೂ ಆಯಿತು, ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ವಾರ್ಷಿಕೋತ್ಸವದಲ್ಲಿ ಹನ್ನೆರಡು ಜನ ಹಲ್ಲು ಕಚ್ಚಿ ಹತ್ತತ್ತು ಸಾಲು ಹೆಣೆದರು. ಕಮಿಟಿ ಅಧ್ಯಕ್ಷರಿಗೆ ಹೆಣಿಗೆಯ ಗಂಧಗಾಳಿ ಇರಲಿಲ್ಲ. ಅವರು ಕಂಡಕ್ಟರ್ ಹೆಣಿಗೆಯ ತೂತಿಗೆ ಬೆರಳು ತೂರಿಸಿ, "ಡಿಸೈನ್ ಬಹಳ ಹೊಸ ಥರ ಇದೆ" ಎಂದು ಮೆಚ್ಚಿದರು. ಕೋಣೆ ಉಳಿಯಿತು.

ಚೀಲ ಮಾತ್ರ ಬರಿದಾಯಿತು. ಈಗ ಐದು ಹೊಡೆದರೆ ಹನ್ನೆರಡು ಜನವೂ ಬ್ಯಾಗನ್ನು ಕಂಕುಳಿಗೆ ಒತ್ತಿಕೊಳ್ಳುತ್ತಿದ್ದರು. ಗಂಡ ಇದನ್ನು ಗಮನಿಸಿ, ಸದ್ದಿಲ್ಲದೆ ಬೂದು ಬಣ್ಣದ ಎಂಟು ಉಂಡೆ ಉಲ್ಲನ್ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಪಕ್ಕದಲ್ಲಿ ಅಳತೆಗೆ ಕಂದು ಸ್ವೆಟರ್.

"ಈಗ್ಲಾದ್ರೂ ಆಗುತ್ತೇನೇ?"

"ಆಮೇಲೆ ನೋಡೋಣ ರೀ. ಮನಸ್ಸು ಸರಿಯಿಲ್ಲ."

ಆಗಲೇ ಬಳಗದಿಂದ ಉಡುಗೊರೆ ಬಂತು. ಒಬ್ಬೊಬ್ಬರು ಒಂದೊಂದು ಚೌಕ ಹೆಣೆದು, ಹನ್ನೆರಡನ್ನೂ ಜೋಡಿಸಿ ಹೊಲಿದ ಶಾಲು. ಅತ್ತೆಯ ಚೌಕ ಅಂಗೈಯಷ್ಟು, ಸೊಸೆಯದು ದಿಂಬಿನಷ್ಟು, ಡಾಕ್ಟರಮ್ಮನದಕ್ಕೆ ಐದು ಮೂಲೆ. ಮೊದಲ ಸಾಲಿನ ನಡುವೆ ಕಂಡಕ್ಟರ ನೀಲಿ ಚೌಕ, ಅದರ ನಡುವೆ ಅವರ ಸುಪ್ರಸಿದ್ಧ ತೂತು. "ಪ್ರತಿ ಶನಿವಾರ ಹೊದ್ಕೊಂಡು ಬರ್ಬೇಕು" ಎಂದು ಬಳಗ ಆಜ್ಞೆ ಮಾಡಿತು.

ಭಾನುವಾರ ಮಧ್ಯಾಹ್ನ ಟೀಚರಮ್ಮ ಕಿಟಕಿ ಪಕ್ಕ ಕೂತು ಶಾಲನ್ನು ಮಡಿಲಲ್ಲಿ ಹರಡಿಕೊಂಡರು. ಬೂದು ಉಂಡೆಗಳು ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದ್ದವು. ಅವರ ಬೆರಳು ತಾನಾಗಿ ನೀಲಿ ಚೌಕದ ತುದಿದಾರ ಹುಡುಕಿತು. ಒಂದೇ ಒಂದು ಚೌಕ, ಯಾರಿಗೆ ಗೊತ್ತಾಗುತ್ತದೆ?

ಪೇಪರ್ ಓದುತ್ತಿದ್ದ ಗಂಡ ತಲೆ ಎತ್ತಿ, "ಬೇಡ ಕಣೇ" ಎಂದರು.

"ನೀವು ಸುಮ್ನಿರಿ."

ಬಿಚ್ಚಿ, ಹೆಣೆದು, ಮತ್ತೆ ಅಲ್ಲೇ ಹೊಲಿಯಲು ಮೂರು ಮಧ್ಯಾಹ್ನ ಹಿಡಿಯಿತು. ಮೂರು ಮಧ್ಯಾಹ್ನವೂ ಗಂಡ ಎದುರಿಗೇ ಕೂತು ನೋಡಿದರು. ಆಮೇಲೆ ಅವರು ಸ್ವೆಟರಿನ ಮಾತೆತ್ತಲಿಲ್ಲ.

ಶನಿವಾರ ಟೀಚರಮ್ಮ ಶಾಲು ಹೊದ್ದು ಒಳಗೆ ಕಾಲಿಟ್ಟದ್ದೇ ತಡ, ಎಲ್ಲರ ಕಣ್ಣೂ ಶಾಲಿನ ಮೇಲೆ ಬಿತ್ತು. ಮೊದಲು ಬಾಯಿಬಿಟ್ಟವಳು ಸೊಸೆ.

"ಆ ನೀಲೀದು ಯಾರ್ದು? ನಮ್ಮದಲ್ಲ."

ಹನ್ನೊಂದು ವರ್ಷ ಯಾರ ಕಣ್ಣಿಗೂ ಬೀಳದ ಟೀಚರಮ್ಮನ ಕೈಚಳಕ ಅವತ್ತು ಇಪ್ಪತ್ತು ಅಡಿ ದೂರದಿಂದ ಕಂಡುಬಿಟ್ಟಿತ್ತು. ಹನ್ನೊಂದು ವಕ್ರಗಳ ನಡುವೆ ಒಂದೇ ಒಂದು ನೆಟ್ಟಗಿನ ಚೌಕ. ಕಲಿಸಿದ್ದು ಕೊನೆಗೂ ತಲೆಗೆ ಹೋಗಿತ್ತು: ಇದು ನಮ್ಮ ಕೈ, ಇದು ಅಲ್ಲ ಎಂದು ಹೇಳುವಷ್ಟು ಕಲಿತಿದ್ದರು. ಟೀಚರಮ್ಮ ಇಂಗು ತಿಂದ ಮಂಗನಂತೆ ನಿಂತರು.

ಕಂಡಕ್ಟರ್ ಸಿಟ್ಟಾಗಲಿಲ್ಲ. "ಟಿಕೆಟ್ ಇಲ್ದೆ ಹತ್ತಿದಾರೆ, ಇಳಿಸ್ಬೇಕು" ಎಂದು ಶಾಲು ತೆಗೆದುಕೊಂಡು ಮೇಜಿನ ಮೇಲೆ ಹಾಸಿದರು. ಹೊಲಿಗೆ ಕತ್ತರಿಸಿ, ಚೌಕ ಬಿಡಿಸಿ, ದಾರದ ತುದಿ ಹಿಡಿದು ಎಳೆಯತೊಡಗಿದರು. "ಉಂಡೆ ನೀವು ಸುತ್ತಿ, ಟೀಚರಮ್ಮ." ಸಾಲಿನ ಹಿಂದೆ ಸಾಲು ಸರಸರನೆ ಬಿಚ್ಚಿಕೊಂಡು ಬಂತು. ತಾವು ಹೆಣೆದದ್ದನ್ನು ಇನ್ನೊಬ್ಬರು ಬಿಚ್ಚಿದರೆ ಹೇಗಿರುತ್ತದೆ ಎಂದು ಟೀಚರಮ್ಮನಿಗೆ ಅವತ್ತು ಗೊತ್ತಾಯಿತು. ಇದನ್ನೇ ತಾವು ಹನ್ನೊಂದು ವರ್ಷ, ಪ್ರತಿ ವಾರ, ಹನ್ನೊಂದು ಜನಕ್ಕೆ ಮಾಡಿದ್ದು ಎಂದೂ ಹೊಳೆಯಿತು. ಕಣ್ಣು ತುಂಬಿತು, ಉಂಡೆ ಸುತ್ತುತ್ತಿದ್ದ ಕೈ ನಿಲ್ಲಲಿಲ್ಲ.

ಕಂಡಕ್ಟರ್ ಮತ್ತೆ ಕುಣಿಕೆ ಹಾಕುತ್ತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಾಗಿಲಲ್ಲಿ ಟೀಚರಮ್ಮನ ಗಂಡ. ಮೈ ಮೇಲೆ ಕಂದು ಸ್ವೆಟರ್, ಕೈಯಲ್ಲಿ ಟೀಚರಮ್ಮನದೇ ದೊಡ್ಡ ಬಟ್ಟೆ ಚೀಲ, ಚೀಲದ ತುಂಬ ಬೂದು ಉಲ್ಲನ್. ಬಳಗಕ್ಕೆಲ್ಲ ಒಂದು ನಮಸ್ಕಾರ ಹಾಕಿ, ಖಾಲಿ ಇದ್ದ ಕುಂಟು ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡು ಕೂತರು.

"ನಿಮಗೇನ್ರೀ ಇಲ್ಲಿ ಕೆಲ್ಸ?"

"ನನ್ ಸ್ವೆಟರ್ ನಾನೇ ಹೆಣ್ಕೋತೀನಿ" ಎಂದರು ಗಂಡ. "ನೀನು ಹೇಳ್ಕೊಡು ಸಾಕು. ಕೈ ಹಾಕ್ಬೇಡ."

ಡಾಕ್ಟರಮ್ಮ ಕೂಡ ಬಾಯಿ ಮುಚ್ಚಿಕೊಂಡಿದ್ದರು. ಗಂಡ ಕಡ್ಡಿಗಳನ್ನು ತಲೆಕೆಳಗಾಗಿ ಹಿಡಿದು ಕಾಯುತ್ತಿದ್ದರು. ಟೀಚರಮ್ಮ ನೀಲಿ ಉಂಡೆಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಮೊದಲ ಕುಣಿಕೆ ಹೇಗೆ ಹಾಕಬೇಕೆಂದು ಗಂಡನಿಗೆ ಹೇಳತೊಡಗಿದರು.